ಊರೇ ಜಾಮೀನು ನಿಂತ ಸಂಘ

ಗದಗಿನ ಸುತ್ತಣ ಎರೆಭೂಮಿಯಲ್ಲಿ ಹತ್ತಿ ಜೋಳಗಳನ್ನು ಬೆಳೆದು ಬಾಳುವ ಕಣಗಿನಹಾಳವೆಂಬ ಗ್ರಾಮಕ್ಕೆ ಭಾರತದ ಸಹಕಾರ ಚಳವಳಿಯ ಚರಿತ್ರೆಯಲ್ಲಿ ಅಗ್ರಸ್ಥಾನವು ದೊರೆತುದು 1905ರಲ್ಲಿ. ಸಹಕಾರಿ ಪತ್ತಿನ ಸಂಘಗಳ ಕಾಯಿದೆಯು ಹೊರಬಿದ್ದ ಮರುವರ್ಷವೇ, ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಅಲ್ಲಿನ ಒಕ್ಕಲಿಗರು ಕಟ್ಟಿದ ಸಂಘವು ದೇಶದ ಪ್ರಥಮ ಕೃಷಿಪತ್ತಿನ ಸಹಕಾರ ಸಂಘವೆಂದು ಪ್ರಖ್ಯಾತವಾಗಿದೆ.

ಆ ಕಾಲದ ರೈತನ ದುಃಸ್ಥಿತಿಯನ್ನು ನೆನೆದಲ್ಲದೆ ಈ ಕಾರ್ಯದ ಮಹತ್ವವು ಮನದಟ್ಟಾಗದು. ಹತ್ತೊಂಬತ್ತನೆಯ ಶತಮಾನದ ಕೊನೆಯ ಬರಗಾಲಗಳು ಮುಂಬಯಿ ಪ್ರಾಂತದ ಕೃಷಿಕನನ್ನು ಹಣ್ಣುಮಾಡಿದ್ದುವು. ಬಿತ್ತನೆಯ ಬೀಜಕ್ಕೂ ಎತ್ತಿನ ಖರೀದಿಗೂ ಮಗಳ ಮದುವೆಗೂ ಸಾವಕಾರನ ಬಾಗಿಲೇ ಗತಿಯಾಗಿದ್ದು, ಬಡ್ಡಿಗೆ ಬಡ್ಡಿ ಬೆಳೆದು ಭೂಮಿಯೇ ಕೈಬಿಡುತ್ತಿದ್ದಿತು. 1875ರಲ್ಲಿ ಪುಣೆ, ಅಹಮದನಗರಗಳ ರೈತರು ದಂಗೆಯೆದ್ದು ಸಾಲಪತ್ರಗಳನ್ನು ಸುಟ್ಟುದು ಈ ಸಂಕಟದ ಸ್ಫೋಟವೇ ಆಗಿದ್ದಿತು. ಮದರಾಸು ಸರಕಾರದ ಅಪೇಕ್ಷೆಯಂತೆ ಪರಿಹಾರವನ್ನು ಅನ್ವೇಷಿಸಿದ ಫ್ರೆಡರಿಕ್ ನಿಕೋಲ್ಸನ್ನರು, ಜರ್ಮನಿಯಲ್ಲಿ ರೈಫೈಸನ್ ಎಂಬ ಮಹನೀಯನು ಬಡ ರೈತರಿಗಾಗಿ ರೂಪಿಸಿದ್ದ ಗ್ರಾಮಸಂಘಗಳ ಮಾದರಿಯನ್ನೇ ಈ ದೇಶಕ್ಕೂ ಶಿಫಾರಸು ಮಾಡಿದರು.

1904ರ ಕಾಯಿದೆಯ ಮೇರೆಗೆ ಹತ್ತು ಮಂದಿ ವಯಸ್ಕರು ಕೂಡಿದರೆ ಸಂಘವನ್ನು ನೋಂದಾಯಿಸಬಹುದಾಗಿದ್ದಿತು. ಗ್ರಾಮಸಂಘವಾದರೆ ಸದಸ್ಯರಲ್ಲಿ ಐದರಲ್ಲಿ ನಾಲ್ಕು ಪಾಲು ಕೃಷಿಕರೇ ಇರಬೇಕಾಗಿದ್ದಿತು. ಅದರ ಹೊಣೆಗೆ ಸಾಮಾನ್ಯವಾಗಿ ಮಿತಿಯಿರಲಿಲ್ಲ. ಸಂಘವು ಮುರಿದುಬಿದ್ದರೆ ಅದರ ಋಣಕ್ಕೆ ಪ್ರತಿಯೊಬ್ಬ ಸದಸ್ಯನ ಆಸ್ತಿಯೂ ಈಡು. ಅಂತಹ ಸಂಘದಲ್ಲಿ ಹತ್ತು ಕೂರಿಗೆ ಹೊಲವುಳ್ಳವನಿಗೂ ತುಂಡು ನೆಲದ ಒಡೆಯನಿಗೂ ಮತವು ಒಂದೇ.

ಮಿತಿಯಿಲ್ಲದ ಹೊಣೆಯ ಈ ಕಟ್ಟಳೆಯು ಊರಿನ ನಡೆವಳಿಕೆಯನ್ನು ಹೇಗೆ ತಿದ್ದುವುದೆಂಬುದನ್ನು ಸಾಲದ ಅರ್ಜಿಯೊಂದು ಪಂಚಕಮಿಟಿಯ ಮುಂದೆ ಬಂದಾಗ ಕಾಣಬಹುದು. ಅರ್ಜಿದಾರನು ಎತ್ತಿಗೆಂದು ಹಣವನ್ನು ಬೇಡಿದರೆ, ಅವನ ಕೊಟ್ಟಿಗೆಯಲ್ಲಿ ಎತ್ತುಗಳೆಷ್ಟು, ಹಿಂದಿನ ಸುಗ್ಗಿಯಲ್ಲಿ ಹತ್ತಿ ಎಷ್ಟಾಯಿತು, ಕೊಟ್ಟ ಮಾತಿಗೆ ಅವನು ನಿಲ್ಲುವನೇ ಎಂಬುದೆಲ್ಲವೂ ಎದುರಿಗೆ ಕುಳಿತವರಿಗೆ ತಿಳಿದಿರುತ್ತದೆ. ಠರಾವು ಪಾಸಾದ ಬಳಿಕ ಆ ಸಾಲವು ಅವನೊಬ್ಬನದಾಗಿ ಉಳಿಯದು. ಅವನು ದುಂದು ಮಾಡಿದರೆ ನೆರೆಯವನ ಹೊಲಕ್ಕೆ ಕುತ್ತು, ಅವನು ವಾಯಿದೆಗೆ ಸರಿಯಾಗಿ ಸಲ್ಲಿಸಿದರೆ ಸಂಘದ ಪತ್ತಿಗೆ ವೃದ್ಧಿ. ಪರಸ್ಪರ ನಂಬಿಕೆಯೆಂಬ ಕಣ್ಣಿಗೆ ಕಾಣದ ಸಂಪತ್ತನ್ನು ಸಂಘವು ಬಂಡವಾಳವಾಗಿ ಪರಿವರ್ತಿಸಿತು; ಜತೆಗೆ ಲೆಕ್ಕವನ್ನು ಕೇಳುವ ಧೈರ್ಯವನ್ನೂ ಒಪ್ಪಿಸುವ ವಿನಯವನ್ನೂ ಹಳ್ಳಿಗೆ ಕಲಿಸಿತು.

1912ರ ಕಾಯಿದೆಯು ಪತ್ತಿನ ಆಚೆಗೂ ಸಹಕಾರದ ಬಾಗಿಲನ್ನು ತೆರೆದ ಮೇಲೆ, ಹುಬ್ಬಳ್ಳಿ ಗದಗುಗಳಲ್ಲಿ ಹತ್ತಿ ಮಾರಾಟದ ಸಂಘಗಳು ತಲೆಯೆತ್ತಿ, ತೂಕ ದರಗಳ ವಿಷಯದಲ್ಲಿ ದಲಾಲರ ಕೃಪೆಗೆ ಕಾಯುತ್ತಿದ್ದ ಬೆಳೆಗಾರನಿಗೆ ಆಶ್ರಯವಿತ್ತುವು. ಆದರೂ ಮುನ್ನಡೆಯು ಸುಲಭವಾಗಿರಲಿಲ್ಲ. ಗೋರವಾಲಾ ಸಮಿತಿಯು 1954ರಲ್ಲಿ ಪ್ರಕಟಿಸಿದ ಅಖಿಲ ಭಾರತ ಗ್ರಾಮೀಣ ಪತ್ತಿನ ಸಮೀಕ್ಷೆಯ ಪ್ರಕಾರ, ರೈತರು ಪಡೆದ ಸಾಲದಲ್ಲಿ ಸಹಕಾರ ಸಂಘಗಳ ಪಾಲು ನೂರಕ್ಕೆ ಕೇವಲ 3ರಷ್ಟಿದ್ದಿತು. ಸಹಕಾರವು ಸೋತಿದೆ, ಆದರೆ ಅದು ಗೆಲ್ಲಲೇಬೇಕು ಎಂಬುದೇ ಆ ಸಮಿತಿಯ ನಿರ್ಣಯವಾಗಿದ್ದಿತು.

ಹಣವನ್ನು ಸರಕಾರವೂ ಒದಗಿಸಬಲ್ಲುದು; ಸಂಘದ ಪ್ರಾಣವಾದ ಜಾಗ್ರತೆಯನ್ನು ಸದಸ್ಯರಲ್ಲದೆ ಅನ್ಯರು ಒದಗಿಸಲಾರರು. ಆಡಳಿತ ಮಂಡಳಿಯು ಕೆಲವರ ಪಾರುಪತ್ಯವಾಗಿ, ವಾರ್ಷಿಕ ಮಹಾಸಭೆಯು ಸಹಿ ಹಾಕಿ ಎದ್ದುಹೋಗುವ ಶಾಸ್ತ್ರವಾದಲ್ಲಿ, ಸಂಘದ ಹೆಸರು ಉಳಿದರೂ ಸಹಕಾರವು ಉಳಿಯದು. ಆದುದರಿಂದ ವಾಚಕರು ತಮ್ಮೂರಿನ ಸೊಸೈಟಿಯ ಮುಂದಿನ ಮಹಾಸಭೆಗೆ ತಪ್ಪದೆ ಹೋಗಬೇಕು, ಜಮಾಖರ್ಚಿನ ಪತ್ರಿಕೆಯನ್ನು ಓದಬೇಕು, ತಿಳಿಯದುದನ್ನು ಎದ್ದು ನಿಂತು ಕೇಳಬೇಕು. ಕಣಗಿನಹಾಳದ ಹಿರಿಯರಿಗೆ ನಾವು ಸಲ್ಲಿಸಬಹುದಾದ ಗೌರವವು ಇದೇ.