ಗಣಕದ ಅಡುಗೆಮನೆಯಲ್ಲಿ 'ಮೇಕ್'

1976ನೇ ಇಸವಿಯ ಏಪ್ರಿಲ್ ತಿಂಗಳು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ಎಂಬ ವಿಜ್ಞಾನಿಯ ಕೋಣೆಗೆ ಸಹೋದ್ಯೋಗಿ ಸ್ಟೀವ್ ಜಾನ್ಸನ್ ದುಮುಗುಡುತ್ತಾ ನುಗ್ಗಿದರು. ತಮ್ಮ ಹಣೆಬರಹವನ್ನೇ ಹಳಿದುಕೊಳ್ಳುತ್ತಿದ್ದರು. ನಡೆದದ್ದು ಇಷ್ಟೇ. ಅವರು ಬರೆದ ಪ್ರೋಗ್ರಾಮಿನಲ್ಲಿ ಒಂದು ತಪ್ಪಿತ್ತು. ಅದನ್ನು ಪತ್ತೆಹಚ್ಚಿ ತಿದ್ದಿಯೂ ಆಗಿತ್ತು. ಆದರೂ ಪ್ರೋಗ್ರಾಂ ಹಳೆಯ ತಪ್ಪನ್ನೇ ಮಾಡುತ್ತಿತ್ತು. ಇಡೀ ಬೆಳಗು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕಿದರೂ ದೋಷ ಸಿಗಲಿಲ್ಲ. ಸಿಗುವುದಾದರೂ ಹೇಗೆ? ದೋಷ ಇರಲೇ ಇಲ್ಲ. ತಿದ್ದಿದ ಫೈಲನ್ನು ಯಂತ್ರಭಾಷೆಗೆ ಮತ್ತೆ ಅನುವಾದಿಸುವುದು ಮಾತ್ರ ಮರೆತುಹೋಗಿತ್ತು. ಗಣಕದಲ್ಲಿ ಓಡುತ್ತಿದ್ದುದು ಹಳೆಯ ಅನುವಾದ!

ಜಾನ್ಸನ್ ಎಳಸು ವಿದ್ಯಾರ್ಥಿಯೇನಲ್ಲ. ಹೊಸ ಗಣಕ ಭಾಷೆಗಳ ವ್ಯಾಕರಣ ಬಿಡಿಸಲು ನೆರವಾಗುವ 'ಯಾಕ್' ಎಂಬ ಸಾಧನವನ್ನು ರೂಪಿಸಿದ ನಿಪುಣರು. ಅಂಥವರಿಗೇ ಹೀಗಾದರೆ ಉಳಿದವರ ಪಾಡೇನು? ಫೆಲ್ಡ್‌ಮನ್ ಅವರಿಗೂ ಹಿಂದಿನ ಸಂಜೆಯಷ್ಟೇ ಇದೇ ಬಗೆಯ ಅನುಭವವಾಗಿತ್ತು. ಪ್ರಿನ್ಸ್‌ಟನ್‌ನಲ್ಲಿ ಖಭೌತ ವಿಜ್ಞಾನ ಓದಿ, ಎಂಐಟಿಯಲ್ಲಿ ಅನ್ವಯಿಕ ಗಣಿತದಲ್ಲಿ ಡಾಕ್ಟರೇಟ್ ಪಡೆದು ಗಣಕ ಕ್ಷೇತ್ರಕ್ಕೆ ಬಂದವರು ಅವರು. ಇಬ್ಬರೂ ಕುಳಿತು ಮಾತನಾಡಿದರು. ಎಲ್ಲವನ್ನೂ ತಾನೇ ವಿಶ್ಲೇಷಿಸಿ ನಿರ್ಧರಿಸುವ ಭಾರೀ ಸಾಧನವೊಂದರ ಕಲ್ಪನೆ ಮೊದಲು ಮೂಡಿತು. ಅದನ್ನು ಕುದಿಸಿ ಕುದಿಸಿ ಇಳಿಸಿದಾಗ ಉಳಿದದ್ದು ಬಹಳ ಸರಳವಾದ ಒಂದು ಉಪಾಯ. ಆ ವಾರಾಂತ್ಯದಲ್ಲೇ ಫೆಲ್ಡ್‌ಮನ್ ಅದನ್ನು ಬರೆದು ಮುಗಿಸಿದರು. ಅದಕ್ಕಿಟ್ಟ ಹೆಸರು 'ಮೇಕ್'. ಅಂದರೆ 'ಮಾಡು'.

ಕಣಕ, ಹೂರಣ, ಹೋಳಿಗೆ

ಈ ಉಪಾಯ ಅರ್ಥವಾಗಬೇಕಾದರೆ ಪ್ರೋಗ್ರಾಂ ಹೇಗೆ ಸಿದ್ಧವಾಗುತ್ತದೆ ಎಂಬುದನ್ನು ತಿಳಿಯಬೇಕು. ಸಿ ಭಾಷೆಯಂಥ ಭಾಷೆಯಲ್ಲಿ ನಾವು ಬರೆಯುವ ಸಾಲುಗಳು ಮನುಷ್ಯರಿಗೆ ಓದಲು ಬರುತ್ತವೆ, ಯಂತ್ರಕ್ಕೆ ಬರುವುದಿಲ್ಲ. ಇವನ್ನು ಯಂತ್ರಭಾಷೆಗೆ ತಿರುಗಿಸುವುದು ಕಂಪೈಲರ್. ದೊಡ್ಡ ಪ್ರೋಗ್ರಾಮನ್ನು ಯಾರೂ ಒಂದೇ ಫೈಲಿನಲ್ಲಿ ಬರೆಯುವುದಿಲ್ಲ. ಹತ್ತಾರು, ನೂರಾರು ಫೈಲುಗಳಾಗಿ ಹಂಚಿಕೊಂಡು ಬರೆಯುತ್ತಾರೆ. ಒಂದೊಂದನ್ನೂ ಬೇರೆಬೇರೆಯಾಗಿ ಅನುವಾದಿಸಿ, ಕೊನೆಗೆ 'ಲಿಂಕರ್' ಎಂಬ ಇನ್ನೊಂದು ಸಾಧನ ಆ ತುಂಡುಗಳನ್ನೆಲ್ಲ ಹೊಲಿದು ಒಂದು ಮಾಡುತ್ತದೆ.

ಹಬ್ಬದ ದಿನ ಹೋಳಿಗೆ ಮಾಡುವ ಮನೆಯನ್ನು ನೆನಪಿಸಿಕೊಳ್ಳಿ. ಹೋಳಿಗೆಗೆ ಬೇಕಾದದ್ದು ಕಣಕ ಮತ್ತು ಹೂರಣ. ಹೂರಣಕ್ಕೆ ಬೇಕಾದದ್ದು ಬೇಳೆ, ಬೆಲ್ಲ. ಕಣಕಕ್ಕೆ ಬೇಕಾದದ್ದು ಹಿಟ್ಟು, ಎಣ್ಣೆ. ಬೆಲ್ಲ ಬದಲಾಯಿಸಬೇಕಾಯಿತು ಎನ್ನೋಣ. ಹೂರಣವನ್ನು ಮತ್ತೆ ಮಾಡಬೇಕು, ಹೋಳಿಗೆಯನ್ನೂ ಮತ್ತೆ ತಟ್ಟಬೇಕು. ಆದರೆ ನಾದಿಟ್ಟ ಕಣಕ ಹಾಗೇ ಇರಲಿ, ಅದಕ್ಕೆ ಕೈ ಹಚ್ಚಬೇಕಿಲ್ಲ. ಮನೆಯ ಹಿರಿಯಾಕೆ ಇದನ್ನು ಯೋಚಿಸದೆಯೇ ಮಾಡುತ್ತಾಳೆ. ಪ್ರೋಗ್ರಾಂ ಬರೆಯುವವರು ಮಾಡುತ್ತಿರಲಿಲ್ಲ. ಒಂದೋ ಎಲ್ಲವನ್ನೂ ಮೊದಲಿನಿಂದ ಮಾಡುತ್ತಿದ್ದರು, ಇಲ್ಲವೇ ಬದಲಾದದ್ದು ಯಾವುದೆಂದು ನೆನಪಿಟ್ಟುಕೊಂಡು ಅದನ್ನಷ್ಟೇ ಮಾಡಲು ಹೋಗಿ ಜಾನ್ಸನ್‌ರಂತೆ ಬೆಳಗು ಕಳೆದುಕೊಳ್ಳುತ್ತಿದ್ದರು.

ಲೆಕ್ಕ ಹಾಕಿ ನೋಡಿ. ಇನ್ನೂರು ಫೈಲುಗಳಿವೆ, ಒಂದೊಂದರ ಅನುವಾದಕ್ಕೆ ಮೂರು ಸೆಕೆಂಡು. ಎಲ್ಲವನ್ನೂ ಮಾಡಿದರೆ ಹತ್ತು ನಿಮಿಷ. ಬದಲಾದ ಒಂದನ್ನೇ ಮಾಡಿದರೆ ಮೂರು ಸೆಕೆಂಡು. ದಿನಕ್ಕೆ ಮೂವತ್ತು ಸಲ ತಿದ್ದುವವನಿಗೆ ಇದು ಐದು ಗಂಟೆ ಮತ್ತು ಒಂದೂವರೆ ನಿಮಿಷದ ನಡುವಣ ವ್ಯತ್ಯಾಸ.

ಮೇಕ್ ಕೇಳುವುದು ಒಂದು ಪಟ್ಟಿಯನ್ನು. ಪಟ್ಟಿಯಲ್ಲಿ ಮೂರೇ ಸಂಗತಿ: ಏನು ಆಗಬೇಕು, ಅದಕ್ಕೆ ಏನೇನು ಬೇಕು, ಹೇಗೆ ಮಾಡಬೇಕು. ಈ ಪಟ್ಟಿಗೆ 'ಮೇಕ್‌ಫೈಲ್' ಎಂದು ಹೆಸರು. ಪ್ರತಿಯೊಂದು ಫೈಲನ್ನು ಕೊನೆಯ ಸಲ ಯಾವಾಗ ಬದಲಾಯಿಸಲಾಯಿತು ಎಂಬ ಹೊತ್ತನ್ನು ಗಣಕ ಹೇಗೂ ಬರೆದಿಟ್ಟುಕೊಂಡಿರುತ್ತದೆ. ಮೇಕ್ ಆ ಹೊತ್ತುಗಳನ್ನು ಹೋಲಿಸುತ್ತದೆ. ಹೂರಣಕ್ಕಿಂತ ಬೆಲ್ಲ ಹೊಸದೇ? ಹಾಗಾದರೆ ಹೂರಣ ಹಳಸಿತು, ಮತ್ತೆ ಮಾಡು. ಹಿಟ್ಟು ಕಣಕಕ್ಕಿಂತ ಹಳೆಯದೇ? ಹಾಗಾದರೆ ಬಿಡು. ಇಷ್ಟೇ ಅದರ ಬುದ್ಧಿ! ಕಣಕಕ್ಕೂ ಹೂರಣಕ್ಕೂ ಸಂಬಂಧವಿಲ್ಲವಾದ್ದರಿಂದ ಒಬ್ಬರು ನಾದುವಾಗ ಇನ್ನೊಬ್ಬರು ರುಬ್ಬಬಹುದು. ಇಂದಿನ ಮೇಕ್ ಹೀಗೆ ಹಲವು ಕೆಲಸಗಳನ್ನು ಒಟ್ಟಿಗೆ ನಡೆಸಬಲ್ಲದು. ಆದರೆ 'ಕಣಕಕ್ಕೆ ಹೋಳಿಗೆ ಬೇಕು, ಹೋಳಿಗೆಗೆ ಕಣಕ ಬೇಕು' ಎಂದು ಸುತ್ತುಗಟ್ಟಿ ಬರೆದರೆ ಮಾತ್ರ ಅದು ಆಕ್ಷೇಪ ಎತ್ತುತ್ತದೆ. ಕೋಳಿ ಮೊದಲೋ ಮೊಟ್ಟೆ ಮೊದಲೋ ಎಂಬ ಜಿಜ್ಞಾಸೆಗೆ ಅಲ್ಲಿ ಎಡೆಯಿಲ್ಲ.

ನಮ್ಮ ಕಾಲೇಜುಗಳಲ್ಲಿ ಟರ್ಬೊ ಸಿ ಎಂಬ ನೀಲಿ ಪರದೆಯ ಮುಂದೆ ಸಿ ಭಾಷೆ ಕಲಿತ ತಂದೆ ತಾಯಂದಿರು ಇದನ್ನು ತಮಗೆ ತಿಳಿಯದೆಯೇ ಬಳಸಿದ್ದಾರೆ. ಅಲ್ಲಿ 'ಎಫ್ 9' ಗುಂಡಿಯ ಕೆಲಸವೇ 'ಮೇಕ್' ಆಗಿತ್ತು.

ಒಂದು ಟ್ಯಾಬ್‌ನ ಕತೆ

ಮೇಕ್‌ಫೈಲ್ ಬರೆಯಲು ಕೂತ ವಿದ್ಯಾರ್ಥಿ ಮೊದಲ ದಿನವೇ ಎಡವುವ ಕಲ್ಲೊಂದಿದೆ. 'ಹೇಗೆ ಮಾಡಬೇಕು' ಎಂಬ ಸಾಲನ್ನು ಟ್ಯಾಬ್ ಗುಂಡಿ ಒತ್ತಿಯೇ ಆರಂಭಿಸಬೇಕು. ಟ್ಯಾಬ್ ಬದಲು ಎಂಟು ಖಾಲಿ ಜಾಗ ಬಿಟ್ಟರೆ ಕಣ್ಣಿಗೆ ಎರಡೂ ಒಂದೇ. ಮೇಕ್ ಮಾತ್ರ 'ಮಿಸ್ಸಿಂಗ್ ಸೆಪರೇಟರ್' ಎಂದು ಗೊಣಗಿ ನಿಂತುಬಿಡುತ್ತದೆ. ಕಾಣದ ಅಕ್ಷರಕ್ಕೆ ಇಷ್ಟು ಮಹತ್ವ ಏಕೆ? ಫೆಲ್ಡ್‌ಮನ್ ತಾವೇ ಮುಂದೆ ವಿವರಿಸಿದ್ದಾರೆ. ಆಗಷ್ಟೇ ಬಂದಿದ್ದ 'ಲೆಕ್ಸ್' ಎಂಬ ಸಾಧನವನ್ನು ಕಲಿಯುವ ಆಸೆಯಿಂದ ಅದನ್ನು ಬಳಸಲು ಹೋಗಿ ಗೋಜಲಾಯಿತು. ಕೊನೆಗೆ, ಸಾಲಿನ ಮೊದಲಲ್ಲಿ ಟ್ಯಾಬ್ ಇದ್ದರೆ ಅದು ಆದೇಶ ಎಂಬ ಸುಲಭದ ಏರ್ಪಾಡು ಮಾಡಿಕೊಂಡರು. ಕೆಲವೇ ವಾರಗಳಲ್ಲಿ ಸುಮಾರು ಒಂದು ಡಜನ್ ಮಂದಿ, ಹೆಚ್ಚಿನವರು ಸ್ನೇಹಿತರೇ, ಮೇಕ್ ಬಳಸತೊಡಗಿದ್ದರು. ಈಗ ನಿಯಮ ಬದಲಾಯಿಸಿದರೆ ಅವರಿಗೆ ತೊಂದರೆಯಾದೀತೆಂದು ಹಾಗೆಯೇ ಬಿಟ್ಟರು. ಆ ಹನ್ನೆರಡು ಮಂದಿಯ ಮುಲಾಜಿಗೆ ಸಿಕ್ಕ ಟ್ಯಾಬ್ ಅರ್ಧ ಶತಮಾನದಿಂದ ಪ್ರಪಂಚದ ಪ್ರೋಗ್ರಾಮರುಗಳನ್ನೆಲ್ಲ ಕಾಡುತ್ತಿದೆ. ಇದನ್ನು ಆ ದಿನವೇ ತಿದ್ದಬಹುದಿತ್ತು ಎನಿಸದಿರದು. ಆದರೆ ಮೇಕ್‌ಗಾಗಿ 2003ನೇ ಸಾಲಿನ ಎಸಿಎಂ ಸಾಫ್ಟ್‌ವೇರ್ ಸಿಸ್ಟಂ ಪ್ರಶಸ್ತಿ ಫೆಲ್ಡ್‌ಮನ್ ಅವರಿಗೆ ಸಂದಾಗ ಟ್ಯಾಬ್ ಅಡ್ಡ ಬರಲಿಲ್ಲ.

ಟ್ಯಾಬ್ ಕಿರಿಕಿರಿಯಷ್ಟೇ, ಅಪಾಯವಲ್ಲ. ಅಪಾಯ ಬೇರೆ ಇದೆ. ಮೇಕ್ ನಂಬುವುದು ಗಡಿಯಾರವನ್ನು ಮತ್ತು ನಾವು ಕೊಟ್ಟ ಪಟ್ಟಿಯನ್ನು. ಬೇರೆಬೇರೆ ಯಂತ್ರಗಳಲ್ಲಿ ಫೈಲುಗಳಿದ್ದು ಒಂದರ ಗಡಿಯಾರ ಹಿಂದೆ ಬಿದ್ದಿದ್ದರೆ ಹೊಸದು ಹಳೆಯದಾಗಿ ಕಾಣುತ್ತದೆ. ಪಟ್ಟಿ ತಪ್ಪಿದ್ದರೆ ಇನ್ನೂ ಕಷ್ಟ. ಉಪ್ಪು ಕಣಕಕ್ಕೂ ಬೀಳುತ್ತದೆ, ಹೂರಣಕ್ಕೂ ಬೀಳುತ್ತದೆ. ಸಿ ಭಾಷೆಯಲ್ಲಿ 'ಹೆಡರ್' ಫೈಲುಗಳು ಈ ಉಪ್ಪಿನ ಹಾಗೆ, ಹಲವು ಫೈಲುಗಳಿಗೆ ಸೇರಿರುತ್ತವೆ. ಕಣಕದ ಮುಂದೆ ಉಪ್ಪಿನ ಹೆಸರು ಬರೆಯಲು ಮರೆತರೆ, ಉಪ್ಪು ಬದಲಾದಾಗ ಹೂರಣ ಹೊಸದಾಗುತ್ತದೆ, ಕಣಕ ಹಳೆಯದೇ ಉಳಿಯುತ್ತದೆ. ಎರಡೂ ಸೇರಿದ ಪ್ರೋಗ್ರಾಂ ಅರ್ಧ ಹೊಸ ಲೆಕ್ಕ, ಅರ್ಧ ಹಳೆಯ ಲೆಕ್ಕ ಹಿಡಿದು ಓಡುತ್ತದೆ. ಜಾನ್ಸನ್‌ರ ಬೆಳಗು ಮತ್ತೆ ಬಂದಿತೆಂದೇ ತಿಳಿಯಿರಿ. ಆದ್ದರಿಂದ ಈಗ ಯಾವ ಫೈಲಿಗೆ ಯಾವ ಹೆಡರ್ ಬೇಕೆಂಬ ಪಟ್ಟಿಯನ್ನು ಕಂಪೈಲರಿನಿಂದಲೇ ಬರೆಸುತ್ತಾರೆ. ಮನುಷ್ಯರ ನೆನಪಿಗಿಂತ ಅದು ಮೇಲು.

ಪೊಟ್ಟಣ ಕಟ್ಟುವ ಕೆಲಸ

ಅಡುಗೆ ಆದರೆ ಸಾಲದು, ಬಡಿಸಬೇಕು. ಸಿದ್ಧವಾದ ಪ್ರೋಗ್ರಾಮನ್ನು, ಅದರ ಚಿತ್ರ, ಸೂಚನೆ, ಉಪಕರಣಗಳ ಸಮೇತ ಒಂದೇ ಪೊಟ್ಟಣ ಕಟ್ಟಿ ಬಳಕೆದಾರರಿಗೆ ಕಳುಹಿಸಬೇಕು. ಈ ಕೆಲಸವೂ ನಿಧಾನವಾಗಿ ಮೇಕ್‌ನಂಥ ಸಾಧನಗಳ ಹೆಗಲಿಗೇ ಬಂತು. ಜಾವಾ ಭಾಷೆಯವರಿಗೆ 2000ದಲ್ಲಿ 'ಆಂಟ್' ಬಂತು. ಜೇಮ್ಸ್ ಡಂಕನ್ ಡೇವಿಡ್‌ಸನ್ ಅದರ ಕರ್ತೃ. ಹೆಸರಿಗೆ ತಕ್ಕಂತೆ ಇರುವೆ, ಚಿಕ್ಕದಾದರೂ ದೊಡ್ಡದನ್ನು ಕಟ್ಟುತ್ತದೆ. 2004ರಲ್ಲಿ 'ಮೇವೆನ್' ಮೊದಲ ಆವೃತ್ತಿ ಹೊರಬಂತು. ಯಿಡ್ಡಿಷ್ ಭಾಷೆಯಲ್ಲಿ ಈ ಪದಕ್ಕೆ ಬಲ್ಲವನು ಎಂಬ ಅರ್ಥವಿದೆ. ಮೇವೆನ್ ಶಿಸ್ತಿನ ಮೇಷ್ಟರ ಹಾಗೆ: ಫೈಲುಗಳು ಇಂಥ ಕಡೆಯೇ ಇರಬೇಕು, ಕೆಲಸಗಳು ಇದೇ ಕ್ರಮದಲ್ಲಿ ನಡೆಯಬೇಕು. ಮೊದಲು ಅನುವಾದ, ಆಮೇಲೆ ಪರೀಕ್ಷೆ, ಆಮೇಲೆ ಪೊಟ್ಟಣ. ಪರೀಕ್ಷೆಯಲ್ಲಿ ಫೇಲಾದರೆ ಪೊಟ್ಟಣ ಕಟ್ಟುವುದಿಲ್ಲ. ಬೇರೆಯವರು ಬರೆದ ಭಾಗಗಳು ಬೇಕಿದ್ದರೆ ಹೆಸರು ಮತ್ತು ಆವೃತ್ತಿ ಹೇಳಿದರೆ ಸಾಕು, ಅಂತರಜಾಲದ ಉಗ್ರಾಣದಿಂದ ತಾನೇ ತಂದುಕೊಳ್ಳುತ್ತದೆ. ಆಂಡ್ರಾಯ್ಡ್ ಮೊಬೈಲಿನ ಆ್ಯಪ್‌ಗಳನ್ನು ಕಟ್ಟುವುದು ಹೆಚ್ಚಾಗಿ 'ಗ್ರೇಡಲ್' ಎಂಬ ಇನ್ನೊಂದು ಸಾಧನ.

ಜಾವಾ ಪೊಟ್ಟಣಕ್ಕೆ 'ಜಾರ್' ಎಂದೂ ಆಂಡ್ರಾಯ್ಡ್ ಪೊಟ್ಟಣಕ್ಕೆ 'ಎಪಿಕೆ' ಎಂದೂ ಹೆಸರು. ಒಳಗೆ ನೋಡಿದರೆ ಎರಡೂ ನಮಗೆ ಪರಿಚಿತವಾದ ಜಿಪ್ ಫೈಲುಗಳೇ. ಅವುಗಳ ಮೊದಲೆರಡು ಅಕ್ಷರ ಸಾಮಾನ್ಯವಾಗಿ 'ಪಿ' ಮತ್ತು 'ಕೆ'. ಅದು ಜಿಪ್ ವಿಧಾನವನ್ನು ರೂಪಿಸಿದ ಫಿಲ್ ಕಾಟ್ಜ್ ಅವರ ಹೆಸರಿನ ಮೊದಲಕ್ಷರಗಳು. ಎಪಿಕೆಗೆ ಕಟ್ಟಿದವರ ಗುಪ್ತಕೀಲಿಯ ಮುದ್ರೆಯೂ ಇರುತ್ತದೆ. ಹೊಸ ಆವೃತ್ತಿಯ ಮುದ್ರೆ ಹಳೆಯದಕ್ಕೆ ತಾಳೆಯಾಗದಿದ್ದರೆ ಫೋನು ಅದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಆದರೆ ಮುದ್ರೆ ಹೇಳುವುದು ಪೊಟ್ಟಣ ಕಟ್ಟಿದವರು ಯಾರೆಂಬುದನ್ನು. ಕಟ್ಟುವಾಗ ಒಳಗೆ ಏನು ಸೇರಿತೆಂಬುದನ್ನಲ್ಲ. ಇದು 2024ರಲ್ಲಿ ಎಲ್ಲರಿಗೂ ಮನದಟ್ಟಾಯಿತು. ಫೈಲುಗಳನ್ನು ಕುಗ್ಗಿಸುವ 'ಎಕ್ಸ್‌ಝಡ್' ಎಂಬ ಪುಟ್ಟ ತಂತ್ರಾಂಶ ಲಿನಕ್ಸ್ ಗಣಕಗಳಲ್ಲಿ ಬಹುಮಟ್ಟಿಗೆ ಎಲ್ಲೆಡೆ ಇರುವಂಥದು. ಅದರ ಉಸ್ತುವಾರಿಯಲ್ಲಿ ಕೈಜೋಡಿಸಿ, ವರ್ಷಗಳ ಕಾಲ ಒಳ್ಳೆಯ ಕೆಲಸ ಮಾಡಿ ನಂಬಿಕೆ ಗಳಿಸಿದ್ದ ಒಂದು ಖಾತೆಯ ಮೂಲಕ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಕಳ್ಳಬಾಗಿಲು ಸೇರಿಕೊಂಡಿತು. ವಿಷದ ಕಾಳನ್ನು ಪರೀಕ್ಷೆಗೆಂದು ಇಟ್ಟಿದ್ದ ಫೈಲುಗಳಲ್ಲಿ ಅಡಗಿಸಿಡಲಾಗಿತ್ತು. ಅದನ್ನು ಎಬ್ಬಿಸುವ ಸಾಲುಗಳು ಎಲ್ಲರೂ ಓದಬಹುದಾದ ಮೂಲ ಬರಹದ ಭಂಡಾರದಲ್ಲಿ ಇರಲಿಲ್ಲ. ಹಂಚಲೆಂದು ಕಟ್ಟಿದ ಪೊಟ್ಟಣದ ಕಟ್ಟೋಣದ ಸೂಚನೆಗಳಲ್ಲಿ ಮಾತ್ರ ಇದ್ದವು. ಅಂದರೆ ಬೇಳೆ ಬೆಲ್ಲಗಳನ್ನು ಪರೀಕ್ಷಿಸಿದವರಿಗೆ ದೋಷ ಕಾಣದು. ಕೆಟ್ಟದ್ದು ಅಡುಗೆಯ ಚೀಟಿ.

ಇದನ್ನು ಹಿಡಿದವರು ಆಂಡ್ರೆಸ್ ಫ್ರೊಯಿಂಡ್ ಎಂಬ ಎಂಜಿನಿಯರ್. ಬೇರಾವುದೋ ವೇಗದ ಅಳತೆ ಮಾಡುತ್ತಿದ್ದಾಗ ದೂರದಿಂದ ಗಣಕಕ್ಕೆ ಪ್ರವೇಶ ಪಡೆಯುವುದು ಸುಮಾರು ಅರ್ಧ ಸೆಕೆಂಡು ತಡವಾಗುತ್ತಿರುವುದು ಅವರ ಗಮನಕ್ಕೆ ಬಂತು. ಅರ್ಧ ಸೆಕೆಂಡು ತಾನೇ ಎಂದು ಅವರು ಸುಮ್ಮನಾಗಲಿಲ್ಲ. ಬೆನ್ನುಹತ್ತಿ ಹೋಗಿ ಮಾರ್ಚ್ 29ರಂದು ಎಲ್ಲರಿಗೂ ತಿಳಿಸಿದರು. ಅಷ್ಟರಲ್ಲಿ ಅದು ಕೆಲವು ಲಿನಕ್ಸ್ ಪಂಗಡಗಳ ಪ್ರಾಯೋಗಿಕ ಆವೃತ್ತಿಗಳಿಗೆ ಮುಟ್ಟಿತ್ತು. ಜನಬಳಕೆಯ ಸ್ಥಿರ ಆವೃತ್ತಿಗಳಿಗೆ ಮುಟ್ಟುವ ಮೊದಲೇ ತಡೆದಂತಾಯಿತು.

ಪೊಟ್ಟಣದೊಳಗೆ ಇರುವುದು ಮೂಲ ಬರಹದಿಂದಲೇ ಬಂದದ್ದು ಎಂದು ತೋರಿಸುವುದು ಹೇಗೆ? ಒಂದೇ ಬರಹವನ್ನು ಒಂದೇ ಬಗೆಯ ಸಾಧನಗಳಿಂದ ಬೇರೆಬೇರೆ ಊರಿನಲ್ಲಿ ಇಬ್ಬರು ಕಟ್ಟಿದರೆ ಎರಡು ಪೊಟ್ಟಣಗಳೂ ಕೊನೆಯ ಬಿಟ್‌ವರೆಗೆ ಒಂದೇ ಆಗಿರಬೇಕು. ಕೇಳಲು ಸುಲಭ, ಆದರೆ ಡೆಬಿಯನ್ ಲಿನಕ್ಸ್ ಬಳಗದವರು 2013ರಿಂದ ಇದರ ಹಿಂದೆ ಬಿದ್ದಿದ್ದಾರೆ. ಅವರಿಗೆ ಎದುರಾದ ತೊಡಕುಗಳಲ್ಲಿ ಮುಖ್ಯವಾದದ್ದು ಮತ್ತದೇ ಗಡಿಯಾರ. ಎಷ್ಟೋ ಸಾಧನಗಳು ಕಟ್ಟಿದ ದಿನ, ಗಂಟೆಗಳನ್ನು ಪೊಟ್ಟಣದೊಳಗೆ ಬರೆದುಬಿಡುತ್ತವೆ. ಇಂದು ಕಟ್ಟಿದ್ದು ನಾಳೆ ಕಟ್ಟಿದ್ದಕ್ಕೆ ಹೊಂದುವುದಿಲ್ಲ. ಹಾಗಾಗಿ ಕಟ್ಟಿದ ಹೊತ್ತಿನ ಬದಲು ಮೂಲ ಬರಹ ಕೊನೆಯ ಸಲ ಬದಲಾದ ಹೊತ್ತನ್ನೇ ನಮೂದಿಸುವ ಪದ್ಧತಿ ಬಂದಿದೆ.

ಮನೆಯಲ್ಲಿ ಲಿನಕ್ಸ್ ಗಣಕ, ಅದರಲ್ಲಿ ಮೇಕ್ ಮತ್ತು ಸಿ ಕಂಪೈಲರ್ ಇರುವ ವಿದ್ಯಾರ್ಥಿಗಳು ಇದನ್ನು ಮಾಡಿ ನೋಡಬಹುದು. 'ಹಲೋ' ಎಂಬ ಹೆಸರಿನ ಒಂದು ಪುಟ್ಟ ಸಿ ಪ್ರೋಗ್ರಾಂ ಬರೆದು ಉಳಿಸಿ, 'ಮೇಕ್ ಹಲೋ' ಎಂದು ಆದೇಶ ಕೊಡಿ. ಇಷ್ಟು ಚಿಕ್ಕ ಕೆಲಸಕ್ಕೆ ಮೇಕ್‌ಫೈಲ್ ಕೂಡ ಬೇಡ. ಮೊದಲ ಸಲ ಅನುವಾದ ನಡೆಯುತ್ತದೆ. ಅದೇ ಆದೇಶವನ್ನು ಎರಡನೆಯ ಸಲ ಕೊಟ್ಟರೆ ಎಲ್ಲವೂ ಹೊಸದಾಗಿಯೇ ಇದೆ ಎಂದು ತಿಳಿಸಿ ಮೇಕ್ ಸುಮ್ಮನಾಗುತ್ತದೆ. ಈಗ ಫೈಲಿನಲ್ಲಿ ಒಂದು ಖಾಲಿ ಸಾಲನ್ನಷ್ಟೇ ಸೇರಿಸಿ ಉಳಿಸಿ, ಮೂರನೆಯ ಸಲ ಕೊಡಿ. ಅರ್ಥದಲ್ಲಿ ಏನೊಂದೂ ಬದಲಾಗಿಲ್ಲ, ಬದಲಾದದ್ದು ಹೊತ್ತು ಮಾತ್ರ. ಆದರೂ ಅದು ಮರುಮಾತಿಲ್ಲದೆ ಒಲೆ ಹಚ್ಚುತ್ತದೆ.