ಲಾರಿ ಅಪಘಾತವಾದರೆ ಕಾನೂನಿನ ನೆರವು

ಏಲಕ್ಕಿ ತೋಟದ ಕೆಲಸಕ್ಕಾಗಿ ಕಂಬಂ ಕಣಿವೆಯಿಂದ ಕುಮಳಿ ಘಟ್ಟ ಹತ್ತುವವರು ಅನೇಕರು. ದಾರಿಯಲ್ಲಿ ಲಾರಿ ಡಿಕ್ಕಿ ಹೊಡೆದು ಗಾಯವಾದರೆ ಮೊದಲು ಆಸ್ಪತ್ರೆ, ಅನಂತರ ಪೊಲೀಸ್ ದೂರು. ಲಾರಿಯ ನಂಬರು, ದೂರಿನ ಪ್ರತಿ, ಔಷಧದ ರಸೀದಿಗಳನ್ನು ಜೋಪಾನವಾಗಿಡಿ. ಮಾಲೀಕರು ಕೈಗಿಡುವ ಅಲ್ಪ ಹಣಕ್ಕಾಗಿ ರಾಜಿಪತ್ರಕ್ಕೆ ಸಹಿ ಹಾಕಬೇಡಿ. ಕಾಲು ಮುರಿದವರ ತಿಂಗಳುಗಟ್ಟಲೆಯ ಕೂಲಿ ಅದರಲ್ಲಿ ಹುಟ್ಟದು.

1988ರ ಮೋಟಾರು ವಾಹನ ಕಾಯಿದೆಗೆ ತಂದ ತಿದ್ದುಪಡಿಯಂತೆ, 2022ರ ಏಪ್ರಿಲ್‌ನಿಂದ, ಅಪಘಾತವಾದ 6 ತಿಂಗಳೊಳಗೆ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬೇಕು. ಅಪಘಾತ ಕೇರಳದಲ್ಲಾದರೂ ನೀವು ವಾಸಿಸುವ ಜಿಲ್ಲೆಯಲ್ಲೇ ಸಲ್ಲಿಸಬಹುದು. ಬಡವರಿಗೂ, ಆದಾಯ ಎಷ್ಟೇ ಇರಲಿ ಮಹಿಳೆಯರಿಗೂ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ನೇಮಿಸಿಕೊಡುತ್ತದೆ. ಫೋನ್: 15100.

ಒಂದು ಎಚ್ಚರಿಕೆ: ಸರಕಿನ ಲಾರಿಯಲ್ಲಿ ಪ್ರಯಾಣಿಕರಾಗಿ ಹೋದವರಿಗೆ ಸಾಮಾನ್ಯವಾಗಿ ವಿಮೆಯ ರಕ್ಷಣೆಯಿಲ್ಲ. ಕೂಲಿಗೆ ಹೋಗಲು ಬಸ್ಸೇ ಲೇಸು.