ಕಾನಿನ ಬಾವಲಿಗಳು

ಬಾವಲಿಯೆಂದೊಡನೆ ನಮ್ಮಲ್ಲಿ ಹಲವರು ಮುಖ ಸಿಂಡರಿಸುತ್ತಾರೆ. ಹಾಳುಗುಡಿ, ದುರ್ಗಂಧ, ಅಪಶಕುನ ಇವೇ ನೆನಪಿಗೆ ಬರುತ್ತವೆ. ಅಮರಕೋಶದಲ್ಲಿ ಇದಕ್ಕೆ 'ಅಜಿನಪತ್ರಾ' ಎಂಬ ಹೆಸರುಂಟು. ತೊಗಲೇ ರೆಕ್ಕೆಯಾದುದು ಎಂದರ್ಥ. ನಮ್ಮ 'ತೊಗಲುಬಾವಲಿ'ಯೂ ಅದನ್ನೇ ಹೇಳುತ್ತದೆ. ಹೆಸರು ಒಂದಾದರೂ ಜಾತಿ ಒಂದಲ್ಲ. ಪ್ರಪಂಚದಲ್ಲಿ 1,400ಕ್ಕೂ ಮಿಕ್ಕ ಜಾತಿಗಳುಂಟು; ಹೆಚ್ಚಿನವು ಉಷ್ಣವಲಯದಲ್ಲಿವೆ. ಅಲ್ಲಿನ ಮಳೆಕಾಡುಗಳಲ್ಲಿ ಉಣ್ಣಲು ಹಲವು ಬಗೆ, ಹಗಲು ತಂಗಲು ಹಲವು ಮನೆ.

ಇದನ್ನರಿಯಲು ಸೊರಬದ ಕಾನುಗಳನ್ನು ನೋಡಿದರೆ ಸಾಕು. ಕಾನೆಂದರೆ ಹಳ್ಳಿಗರು ದೇವರ ಹೆಸರಿನಲ್ಲಿಯೂ, ಮೆಣಸು ಬಗನಿಗಳಿಗಾಗಿಯೂ ಕಾಯ್ದುಕೊಂಡು ಬಂದ ನಿತ್ಯಹಸುರಿನ ಕಾಡು. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ಸೊರಬ ತಾಲ್ಲೂಕಿನಲ್ಲಿ 171 ಕಾನುಗಳನ್ನು ಲೆಕ್ಕಹಾಕಿದ್ದರು. ಪೂರ್ವಕ್ಕೆ ಶಿಕಾರಿಪುರದತ್ತ ಸರಿದಂತೆ ಮಳೆ ಕಡಿಮೆಯಾಗಿ, ಎಲೆಯುದುರುವ ಕಾಡು ಹೆಚ್ಚುತ್ತದೆ.

ಬಾವಲಿಗಳಿಗೆ ಇಂಥ ಕಾಡು ಹಲವು ಅಂಕಣದ ಮನೆ. ಒಂದು ಕಿಲೋವರೆಗೂ ತೂಗುವ ದೊಡ್ಡ ಬಾವಲಿ ಎತ್ತರದ ಮರದ ಕೊಂಬೆಗಳಲ್ಲಿ ಹಿಂಡಾಗಿ ಜೋತಾಡುತ್ತದೆ. ಮೋಟುಮೂಗಿನ ಹಣ್ಣುಬಾವಲಿ ಬಗನಿಯ ಗೊನೆಯೊಳಗಿನ ಎಳೆಗಳನ್ನು ಕಡಿದು ಡೇರೆ ಮಾಡಿಕೊಳ್ಳುತ್ತದೆ. ಮೂರು ನಾಲ್ಕು ಗ್ರಾಮಿನ ಪುಟ್ಟ ಬಾವಲಿಗೆ ಮರದ ಬಿರುಕು ಅಥವಾ ಹೆಂಚಿನ ಸಂದು ಸಾಕು. ಅಗಲಕಿವಿಯ ಇನ್ನೊಂದು ಜಾತಿ ಗುಹೆ, ಹಳೆಯ ಗುಡಿಗಳಲ್ಲಿದ್ದು ಕಪ್ಪೆ ಇಲಿಗಳನ್ನೂ ಹಿಡಿಯುತ್ತದೆ.

ಊಟದಲ್ಲಿಯೂ ಹಂಚಿಕೆಯುಂಟು. ಹಣ್ಣುಬಾವಲಿಗಳು ಕಣ್ಣು ಮೂಗುಗಳನ್ನು ನಂಬಿ ಅತ್ತಿ, ಆಲಗಳಿಗೆ ಹೋಗಿ ಬೀಜವನ್ನು ದೂರದೂರಕ್ಕೆ ಚೆಲ್ಲುತ್ತವೆ. ಹುಳು ಹಿಡಿಯುವವು ಕೂಗಿ, ಮಾರ್ದನಿಯಿಂದ ಹುಳುವಿನ ನೆಲೆಯನ್ನು ಅರಿಯುತ್ತವೆ. ಆ ಕೂಗಿನ ಬಹುಪಾಲು ಸೆಕೆಂಡಿಗೆ 20,000 ಕಂಪನಗಳಿಗಿಂತ ಮೇಲಿನದಾದುದರಿಂದ ನಮ್ಮ ಕಿವಿಗೆ ನಿಲುಕದು. 1938ರಲ್ಲಿ ಅಮೆರಿಕದ ಗ್ರಿಫಿನ್ ಯಂತ್ರದ ನೆರವಿನಿಂದ ಅದನ್ನು ಕೇಳಿಸಿಕೊಂಡರು. ರೇಡಿಯೋ ನಿಲಯಗಳಿಗೆ ಬೇರೆ ಬೇರೆ ಕಂಪನಾಂಕಗಳಿರುವಂತೆ ಇವುಗಳಿಗೂ ಉಂಟು. ಮರಗಳ ಮೇಲಣ ಬಯಲಿನಲ್ಲಿ ಬೇಟೆಯಾಡುವವುಗಳ ಕೂಗು ಸಾಮಾನ್ಯವಾಗಿ ತಗ್ಗು. ದಟ್ಟ ಎಲೆಗಳ ನಡುವೆ ಸುಳಿಯುವವುಗಳದು ಏರು.

ಆದುದರಿಂದ ಕಾನನ್ನು ಕಡಿದು ಅಕೇಶಿಯ ನೆಟ್ಟರೆ ಹಸುರು ಉಳಿದೀತು. ಪೊಟರೆ, ಅತ್ತಿ, ಬಗನಿ ಉಳಿಯವು. ಅವುಗಳನ್ನು ನಂಬಿದ ಜಾತಿಗಳೂ ಉಳಿಯವು. ದೊಡ್ಡ ಬಾವಲಿ ಈಯುವುದು ವರ್ಷಕ್ಕೆ ಒಂದೇ ಮರಿ. ಹಿಂಡು ಒಮ್ಮೆ ಅಳಿದರೆ ಬೇಗ ತುಂಬದು.

ಹಣ್ಣಡಿಕೆ ಚೀಪುತ್ತವೆ, ಮಾವು ಕಚ್ಚುತ್ತವೆ ಎಂಬ ತೋಟಿಗರ ದೂರು ಸುಳ್ಳಲ್ಲ. 1972ರ ವನ್ಯಜೀವಿ ಕಾಯಿದೆಯಲ್ಲಿ ಹಣ್ಣುಬಾವಲಿಗಳು ಇಲಿ ಕಾಗೆಗಳೊಡನೆ ಪೀಡೆಗಳ ಪಟ್ಟಿಯಲ್ಲಿದ್ದವು. 2022ರ ತಿದ್ದುಪಡಿ ಆ ಪಟ್ಟಿಯನ್ನೇ ತೆಗೆದುಹಾಕಿತು. ಆದರೆ ಪೊಟರೆಯ ಮರವನ್ನು ಉಳಿಸುವುದು ಕಾಯಿದೆಗಿಂತ ಹೆಚ್ಚಾಗಿ ಊರಿನವರ ಕೈಯಲ್ಲಿದೆ. ಬಾವಲಿಯನ್ನು ಮುಟ್ಟುವುದು ಬೇಡ, ಅದು ಕಚ್ಚಿದ ಹಣ್ಣನ್ನು ತಿನ್ನುವುದೂ ಬೇಡ. ಅದರ ಮನೆಯನ್ನು ಅದಕ್ಕೆ ಬಿಟ್ಟುಕೊಟ್ಟರೆ ಸಾಕು.